ಮೊರದಿಂದ ನಾನೇ ತುಂಬಿಕೊಂಡದ್ದು

ಕೆಲವು ವಿವರ ತಪ್ಪಿರಬಹುದು. ಚನ್ನರಾಯಪಟ್ಟಣದ ಟೀ ಅಂಗಡಿಯ ಮುಂದೆ ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಬೆಳಿಗ್ಗೆ ಚಿಕ್ಕವ್ವ ಉಟ್ಟಿದ್ದ ಸೀರೆ ಹಸಿರೋ ನೀಲಿಯೋ, ಈಗಲೇ ಖಚಿತವಿಲ್ಲ.

ನಾನು ಕೆಲಸ ಮಾಡುವ ದೇಶ ನಾಳೆಯಿಂದ ಭಾರತದಿಂದ ಬರುವವರಿಗೆ ಬಾಗಿಲು ಮುಚ್ಚುತ್ತದೆ. ಇವತ್ತು ಏರ್‌ಪೋರ್ಟಿನ ಪರೀಕ್ಷೆಯಲ್ಲಿ ಕೊರೊನಾ ಸೋಂಕು ಕಂಡರೆ ವಿಮಾನ ಹತ್ತಿಸುವುದಿಲ್ಲ. ವೀಸಾ, ಕೆಲಸ ಎರಡೂ ಹೋಗುತ್ತವೆ. ಅದನ್ನು ಚಿಕ್ಕವ್ವನಿಗೆ ಹೇಳಬಾರದಿತ್ತೇನೋ. ನನ್ನನ್ನು ಸಾಕಿದವಳು, ಕಟ್ಟಾಯದ ಮನೆಯಂಗಳದಲ್ಲಿ ನನ್ನನ್ನು ಹತ್ತಿರಕ್ಕೇ ಬಿಡಲಿಲ್ಲ.

"ಅಲ್ಲೇ ನಿಂತ್ಕೊ ಕಣಮ್ಮಿ! ಪಕ್ಕದ್ಮನೇಲಿ ಜರ ಬಂದದೆ. ನನ್ ಮುಟ್ಬುಟ್ಟು ಏರೋಪ್ಲೇನ್ ತಪ್ಪಿಸ್ಕಂಡೀಯ."

ಮಡಿಲಕ್ಕಿಯ ಮೊರವನ್ನು ಜಗುಲಿಯ ಮೇಲಿಟ್ಟು ಹಿಂದೆ ಸರಿದಳು. ಅಕ್ಕಿ, ಬೆಲ್ಲದಚ್ಚು, ತೆಂಗಿನಕಾಯಿ, ವೀಳ್ಯದೆಲೆ.

"ಅಕ್ಕಿಗಿಕ್ಕಿ ಆ ದೇಶದೊಳಕ್ಕೆ ಬಿಡಲ್ಲ, ಚಿಕ್ಕವ್ವ."

"ಬುಡ್ದಿದ್ರೆ ಅವ್ರೇ ಅನ್ನ ಮಾಡ್ಕಂಡು ಉಣ್ಲಿ! ಬರೀ ಮಡ್ಲಲ್ಲಿ ಕಳಿಸಾಕಾದದಾ?"

ದುಪಟ್ಟಾವನ್ನು ಸೊಂಟಕ್ಕೆ ಮಡಿಲಾಗಿ ಕಟ್ಟಿಕೊಂಡು ನಾನೇ ಮೊರದಿಂದ ಬೊಗಸೆ ಬೊಗಸೆಯಾಗಿ ಅಕ್ಕಿ ತುಂಬಿಕೊಂಡೆ. ತಲೆ ಎತ್ತಿದಾಗ ಕಂಡದ್ದನ್ನು ಮಾತ್ರ ನಾನು ತಪ್ಪಾಗಿ ನೆನಪಿಟ್ಟುಕೊಂಡಿಲ್ಲ. ನಾನು ಬೊಗಸೆ ಎತ್ತಿದಾಗಲೆಲ್ಲ ದೂರದಲ್ಲಿ ಅವಳ ಬರಿಗೈಗಳೂ ಬೊಗಸೆಯಾಗಿ ಮೇಲೇಳುತ್ತಿದ್ದವು.

ಆ ಅಕ್ಕಿಯ ಗಂಟು ಈಗ ನನ್ನ ತೊಡೆಯ ಮೇಲಿದೆ. ಹೊರಡುವಾಗ ಕೇಳಿದ್ದೆ:

"ನಾನೇ ತುಂಬ್ಕೊಂಡ್ರೂ ಇದು ನೀನು ತುಂಬಿದ ಮಡಿಲಕ್ಕೀನೇ ಅಲ್ವಾ, ಚಿಕ್ಕವ್ವ?"

"ಒತ್ತಾಯ್ತದೆ, ಮೊದ್ಲು ಕಾರತ್ತು" ಅಂದಳು.