ಮರಿಯಣ್ಣನ ಪರೀಕ್ಷೆಯ ಊಟ

ಅಕ್ಕಿಪೇಟೆಯ ಮಂಡಿಯೊಂದರಲ್ಲಿ ಮೂವತ್ತಾರು ವರ್ಷ ಅಕ್ಕಿ ಪರೀಕ್ಷೆ ಮಾಡಿದ ಮರಿಯಣ್ಣ ಇಡೀ ಜಗತ್ತನ್ನು ಒಂದು ಮೂಟೆ ಎಂದೇ ತಿಳಿದಿದ್ದ. ಮೇಲೆ ಸೋನಾಮಸೂರಿ ಇದ್ದರೆ ತಳದಲ್ಲಿ ನುಚ್ಚು ಇದ್ದೇ ಇರುತ್ತದೆ. ಮೂಟೆಯ ಬುಡಕ್ಕೆ ಕಬ್ಬಿಣದ ಕೊಳವೆ ಚುಚ್ಚಬೇಕು, ಬಂದ ಕಾಳನ್ನು ಅಂಗೈ ಮೇಲೆ ಹರಡಿ ಊದಬೇಕು, ಒಂದೆರಡನ್ನು ಹಲ್ಲಿಗೆ ಕೊಡಬೇಕು, ಆಮೇಲೆ ಮಾತು. ನಿವೃತ್ತಿಯಾದ ದಿನ ಕೊಳವೆಯನ್ನು ಮಂಡಿಯಲ್ಲೇ ಬಿಟ್ಟು ಬಂದ. ಚುಚ್ಚುವ ಬುದ್ಧಿ ಮಾತ್ರ ಅವನ ಜೊತೆಗೇ ಶೇಷಾದ್ರಿಪುರದ ಮನೆಗೆ ಬಂತು.

ಹಾಲು ತಂದರೆ ಉಗುರಿನ ಮೇಲೆ ಒಂದು ತೊಟ್ಟು ಬಿಟ್ಟು ಜಾರುವುದನ್ನು ನೋಡುತ್ತಿದ್ದ. ಔಷಧಿಯಂಗಡಿಯವನು ನಕ್ಕರೆ ಮಾತ್ರೆಯ ತಾರೀಖು ನೋಡುತ್ತಿದ್ದ. "ನಮ್ಮನೆಯವ್ರಿಗೆ ದೇವ್ರೇ ಕೈಯಾರೆ ಪ್ರಸಾದ ಕೊಟ್ರೂ ಮೂಸಿ ನೋಡ್ತಾರೆ," ಎಂದು ಹೆಂಡತಿ ಮುನಿಯಕ್ಕ ಬೀದಿಯವರಿಗೆಲ್ಲ ಹೇಳುತ್ತಿದ್ದಳು. ಸುಳ್ಳಲ್ಲ. ಮೂಸುತ್ತಿದ್ದ.

ಇದೆಲ್ಲ ನಗುವ ಮಾತಾಗಿಯೇ ಉಳಿಯುತ್ತಿತ್ತೇನೋ, ಮನೆಯಲ್ಲಿ ಮೂವತ್ತೊಂದು ದಾಟಿದ ಮಗಳು ಮಾಧವಿ ಇಲ್ಲದಿದ್ದರೆ. ಮಲ್ಲೇಶ್ವರದಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ಅವಳಿಗೆ ಕೆಲಸ. ಅವಳಿಗೆ ಬಂದ ನಾಲ್ಕು ಗಂಡುಗಳನ್ನು ಮರಿಯಣ್ಣ ಸಾಲಾಗಿ ವಾಪಸು ಕಳಿಸಿದ್ದ. ಒಬ್ಬ ವಿಪರೀತ ನಗುತ್ತಿದ್ದ. ಇನ್ನೊಬ್ಬರ ಮನೆಗೆ ಹೊಸದಾಗಿ ಸುಣ್ಣ ಬಳಿದಿದ್ದರು, ಯಾವ ಬಿರುಕು ಮುಚ್ಚಲು ಎಂಬುದು ಅವನ ಪ್ರಶ್ನೆ. ಮೂರನೆಯವನ ಜಾತಕ ಬೇಕಾದ್ದಕ್ಕಿಂತ ಚೆನ್ನಾಗಿ ಕೂಡಿಬಂದಿತ್ತು. ನಾಲ್ಕನೆಯವರು ಏನೂ ಬೇಡವೆಂದರು, ಹಾಗಾಗಿ ಹುಡುಗನಿಗೆ ಏನೋ ಕಾಯಿಲೆ ಇರಲೇಬೇಕು.

ಐದನೆಯವನನ್ನು ಮಾಧವಿ ತಾನೇ ಆರಿಸಿಕೊಂಡಳು. ಹೆಸರು ವಸಂತ್. ಮಡಿಕೇರಿಯಲ್ಲಿ ಆರು ವರ್ಷ ಕೆಂಡದ ಮುಂದೆ ನಿಂತು ಕೆಲಸ ಕಲಿತು ಬಂದು, ಚಾಮರಾಜಪೇಟೆಯ ಅಡ್ಡರಸ್ತೆಯಲ್ಲಿ ಆರು ಮೇಜಿನ ಬಾರ್ಬೆಕ್ಯೂ ಹೋಟೆಲ್ ಇಟ್ಟಿದ್ದ. ಜೊತೆಗೆ ತಾಯಿ ಮಹಾನಂದ ಮಾತ್ರ. ಮೂರು ವರ್ಷದ ಪರಿಚಯ ಎಂದು ಮಗಳು ಹೇಳಿದಾಗ ಮರಿಯಣ್ಣನಿಗೆ ಸಿಟ್ಟಿಗಿಂತ ಮೊದಲು ಅನುಮಾನ ಬಂತು.

"ಬೆಟ್ಟದೂರಲ್ಲಿ ಏನೇನ್ ಸುಡೋದು ಕಲ್ತಿದಾನೋ! ಹಂದಿನೋ, ಕಾಡುಪ್ರಾಣಿನೋ!"

ಮಾಧವಿ ಜಗಳವಾಡಲಿಲ್ಲ. ಅಪ್ಪನಿಗೆ ಅನುಮಾನ ಜಾಸ್ತಿ, ಆದರೆ ಕಂಡದ್ದನ್ನು ಕಂಡ ಹಾಗೆ ಹೇಳುವ ಮನುಷ್ಯ ಎಂಬುದು ಅವಳಿಗೆ ಚಿಕ್ಕಂದಿನಿಂದ ಗೊತ್ತು. "ಅಪ್ಪ, ನೀನೇ ಒಂದಿನ ಹೇಳ್ದೆ ಕೇಳ್ದೆ ಹೋಗಿ ಊಟ ಮಾಡ್ಕೊಂಡ್ ಬಾ. ಕಣ್ಣಾರೆ ಕಂಡ ಒಂದೇ ಒಂದು ತಪ್ಪು ಹೇಳು, ನಾನೇ ಅವ್ನನ್ನ ಬೇಡ ಅಂತೀನಿ. ಏನೂ ಸಿಗ್ಲಿಲ್ವಾ, ಮಾತಾಡ್ದೆ ಧಾರೆ ಎರೆದುಕೊಡ್ಬೇಕು," ಎಂದಳು. ಮರಿಯಣ್ಣ ಒಪ್ಪಿದ. ತಪ್ಪು ಸಿಗದ ಮೂಟೆಯನ್ನು ಅವನು ಇನ್ನೂ ಕಂಡಿರಲಿಲ್ಲ.

ಎರಡು ವಾರ ಬೇಕೆಂದೇ ಸುಮ್ಮನಿದ್ದ. ಎದುರಾಳಿ ಮೈಮರೆಯಲಿ ಎಂಬ ಲೆಕ್ಕ. ಆಮೇಲೆ ಒಂದು ಬುಧವಾರ ಮಧ್ಯಾಹ್ನ ಮೆಟ್ರೊದಲ್ಲಿ ಮಾರ್ಕೆಟ್ಟಿಗೆ ಬಂದಿಳಿದು, ಅಲ್ಲಿಂದ ನಡೆದು, ಹೋಟೆಲಿನ ಎದುರಿನ ಬೇಕರಿಯ ಮುಂದೆ ಕಾಲು ಗಂಟೆ ನಿಂತು ನೋಡಿದ. ಒಳಗೆ ಹೋದವರು ಹೊರಗೆ ಬರುವಾಗ ಹೊಟ್ಟೆ ಹಿಡಿದುಕೊಂಡಿದ್ದಾರೆಯೇ? ಇಲ್ಲ. ಒಬ್ಬ ಬೆರಳು ನೆಕ್ಕುತ್ತಿದ್ದ. ಇದು ಇನ್ನೂ ಹೆಚ್ಚಿನ ಅನುಮಾನದ ವಿಷಯ.

"ಬನ್ನಿ ಸಾರ್, ಕೂತ್ಕೊಳ್ಳಿ," ಎಂದ ವಸಂತ್. ಬಾಗಿಲ ಪಕ್ಕದಲ್ಲೇ ಎಲ್ಲರಿಗೂ ಕಾಣುವ ಹಾಗೆ ಇದ್ದಿಲ ಒಲೆ. ಜಾಲರಿಯ ಮೇಲೆ ಪಕ್ಕೆಲುಬು, ಸಲಾಕೆಗೆ ಪೋಣಿಸಿದ ತುಂಡುಗಳು. ತೊಟ್ಟಿಕ್ಕಿದ ಕೊಬ್ಬು ಕೆಂಡಕ್ಕೆ ಬಿದ್ದು ಚುರ್ರೆನ್ನುತ್ತಿತ್ತು. ಎಲ್ಲವನ್ನೂ ಇಷ್ಟು ತೆರೆದಿಟ್ಟಿದ್ದಾನೆ ಎಂದರೆ ಮುಚ್ಚಿಟ್ಟದ್ದು ಬೇರೆ ಕಡೆ ಇರಬೇಕು ಎಂದುಕೊಂಡ ಮರಿಯಣ್ಣ. ಒಲೆಯೂ ಕಾಣುವ, ಹಿಂದಿನ ಅಡುಗೆಕೋಣೆಯ ಪರದೆಯೂ ಕಾಣುವ ಮೂಲೆ ಮೇಜು ಹಿಡಿದ.

"ಕುರಿನೋ ಮೇಕೆನೋ?"

"ಕುರಿ ಸಾರ್. ಬೆಳಿಗ್ಗೆ ತಂದಿದ್ದು. ಬಾಲದ ಸಮೇತ ಇದೆ, ಬನ್ನಿ ತೋರಿಸ್ತೀನಿ."

ಮಟನ್ ಅಂಗಡಿಯವರು ಕುರಿಯೋ ಮೇಕೆಯೋ ಎಂದು ಗಿರಾಕಿಗೆ ಗುರುತು ಸಿಗಲೆಂದು ಬಾಲ ಬಿಟ್ಟಿರುತ್ತಾರೆ. ಇವನಿಗೂ ಅದು ಗೊತ್ತಿದೆ. ಮರಿಯಣ್ಣ ಎದ್ದು ಹೋಗಿ ನೋಡಿಯೇ ಬಂದ. ಬಾಲ ಇತ್ತು. ಮನಸ್ಸಿಗೆ ಸ್ವಲ್ಪ ಬೇಜಾರೂ ಆಯಿತು.

ಮುದ್ದೆ ಬಂತು. ಜೊತೆಗೆ ಸುಟ್ಟ ಪಕ್ಕೆಲುಬು, ಹೆಚ್ಚಿದ ಈರುಳ್ಳಿ, ನಿಂಬೆಹೋಳು. ಮರಿಯಣ್ಣ ಮೊದಲು ಮೂಸಿದ. ಆಮೇಲೆ ಮೂಳೆಯಿಂದ ಮಾಂಸ ಎಳೆದ. ಕೈಗೆ ಹಾಗೇ ಬಿಟ್ಟು ಬಂತು.

"ಇಷ್ಟ್ ಮೆತ್ತಗೆ ಹೆಂಗಾಯ್ತು? ಸೋಡಾ ಹಾಕ್ತೀರಾ?"

"ಪರಂಗಿಕಾಯಿ ಸಾರ್. ಅರೆದು ಹಚ್ಚಿ ನಾಲ್ಕು ಗಂಟೆ ಇಡ್ತೀವಿ. ಸೋಡಾ ಹಾಕಿದ್ರೆ ನಾಲಿಗೆಗೇ ಗೊತ್ತಾಗುತ್ತಲ್ಲ."

ನಾಲಿಗೆಗೆ ಗೊತ್ತಾಗಿತ್ತು. ಸೋಡಾ ಇರಲಿಲ್ಲ. ಎಣ್ಣೆ ಕೇಳಿದ, ಖಾರದಪುಡಿ ಎಲ್ಲಿಯದು ಕೇಳಿದ, ನೀರಿನ ಕ್ಯಾನ್ ತಿರುಗಿಸಿ ನೋಡಿದ. ಪ್ರತಿಯೊಂದಕ್ಕೂ ಆ ಹುಡುಗ ಬೇಸರವಿಲ್ಲದೆ ಉತ್ತರ ಕೊಟ್ಟ. ಉತ್ತರ ಸರಿಯಾದಷ್ಟೂ ಮರಿಯಣ್ಣನಿಗೆ ಚಡಪಡಿಕೆ ಹೆಚ್ಚಿತು. ಊಟ ಅಷ್ಟು ರುಚಿಯಾಗಿತ್ತು ಎಂಬುದು ಇನ್ನೊಂದು ತೊಂದರೆ. ಎರಡನೇ ಪ್ಲೇಟ್ ಹೇಳಿದ, ಪರೀಕ್ಷೆಯ ನೆಪದಲ್ಲಿ.

ಆಗ ಕಂಡಿತು.

ವಸಂತ್ ಒಂದು ಸಲಾಕೆಯಿಂದ ಲಿವರಿನ ತುಂಡು ಬಿಡಿಸಿದ. ಇನ್ನೊಂದರಿಂದ ತೊಡೆಯದು. ಜಾಲರಿಯಿಂದ ಒಂದು ಪಕ್ಕೆಲುಬು, ಒಂದು ನಲ್ಲಿಮೂಳೆ. ಎಲ್ಲವನ್ನೂ ಒಂದು ಸ್ಟೀಲ್ ಡಬ್ಬಕ್ಕೆ ಹಾಕಿ, ಮುಚ್ಚಳ ಮುಚ್ಚಿ, ಪರದೆಯ ಹಿಂದೆ ಇಟ್ಟು ಬಂದ. ಯಾವ ಮೇಜಿಗೂ ಕೊಡಲಿಲ್ಲ. ಅದೇ ಹೊತ್ತಿಗೆ ಪಕ್ಕದ ಮೇಜಿನವರು ಅರ್ಧ ಬಿಟ್ಟೆದ್ದ ತಟ್ಟೆಗಳೂ ಅದೇ ಪರದೆಯ ಹಿಂದೆ ಹೋದವು. ಮರಿಯಣ್ಣನ ತಲೆಯಲ್ಲಿ ಎರಡಕ್ಕೆ ಎರಡು ಸೇರಿ ನಾಲ್ಕಾಯಿತು. ಬಿಟ್ಟದ್ದನ್ನು ಆರಿಸಿ ಎತ್ತಿಡುತ್ತಾರೆ, ಸಂಜೆ ಬಂದವರಿಗೆ ಬಿಸಿ ಮಾಡಿ ಬಡಿಸುತ್ತಾರೆ. ಮೂಟೆಯ ತಳ ಕೊನೆಗೂ ಸಿಕ್ಕಿತು!

ಎಡಗೈಯಲ್ಲಿ ಫೋನ್ ಹಿಡಿದು ಬಾಗಿಲಾಚೆ ಬಂದ.

"ಮಾಧವಿ, ತಪ್ಪು ಸಿಕ್ತು. ಎಂಜಲು ಎತ್ತಿಟ್ಕೊಂಡು ಮತ್ತೆ ಬಡಿಸ್ತಾನೆ."

"ಕಣ್ಣಾರೆ ನೋಡಿದ್ಯಾ ಅಪ್ಪ?"

"ಡಬ್ಬಕ್ಕೆ ತುಂಬೋದನ್ನ ಕಣ್ಣಾರೆ ನೋಡ್ದೆ."

"ಸರಿ," ಎಂದಳು ಮಾಧವಿ. "ಮಾತು ಕೊಟ್ಟಿದೀನಲ್ಲ." ಫೋನ್ ಇಟ್ಟಳು.

ಮರಿಯಣ್ಣ ಒಳಗೆ ಬಂದು ಉಳಿದದ್ದನ್ನು ತಿನ್ನಲು ಕೂತ. ಗೆದ್ದವನಿಗೆ ಊಟ ಇನ್ನೂ ರುಚಿಸಬೇಕಿತ್ತು, ಏಕೋ ರುಚಿಸಲಿಲ್ಲ. ಮಗಳ ದನಿಯಲ್ಲಿ ಅಳು ಇದ್ದಿದ್ದರೆ ಗದರಿಸಬಹುದಿತ್ತು. ಅಳು ಇರಲಿಲ್ಲ.

ಐದು ನಿಮಿಷ ಆಗಿರಬಹುದು. ಒಲೆಯ ಪಕ್ಕದಲ್ಲಿದ್ದ ವಸಂತನ ಫೋನ್ ಸದ್ದು ಮಾಡಿತು. ಬಂದ ಮೆಸೇಜನ್ನು ಅವನು ಓದಿದ. ಮತ್ತೊಮ್ಮೆ ಓದಿದ. ಜಾಲರಿಯ ಮೇಲಿದ್ದ ತುಂಡುಗಳು ಕರಿಯಾಗಿ ಹೊಗೆಯಾಡುವವರೆಗೂ ಅವನ ಕೈ ಆಡಲಿಲ್ಲ. ಆಮೇಲೆ ಪರದೆಯತ್ತ ತಿರುಗಿ, "ಅಮ್ಮ, ಆ ಡಬ್ಬ ನೀನೇ ತಿಂದ್ಬಿಡು. ಇನ್ಮೇಲೆ ಎತ್ತಿಡೋದೇನೂ ಬೇಡ," ಎಂದು ಸುಟ್ಟದ್ದನ್ನೆಲ್ಲ ಕೆರೆದು ಹಾಕತೊಡಗಿದ.

ಮಹಾನಂದ ಡಬ್ಬ ಹಿಡಿದುಕೊಂಡೇ ಹೊರಗೆ ಬಂದರು. "ಯಾಕೋ? ಏನಾಯ್ತೋ?" ಮಗ ಜಾಲರಿ ಕೆರೆಯುತ್ತಲೇ ಇದ್ದ. ಮರಿಯಣ್ಣನಿಗೆ ಇದೇ ಸಮಯ ಎನಿಸಿತು. ಕಳ್ಳಮಾಲು ಕೈಯಲ್ಲೇ ಇದೆ.

"ಏನಮ್ಮ ಅದು ಡಬ್ಬದಲ್ಲಿ? ತೆಗೆದು ತೋರ್ಸಿ ನೋಡೋಣ."

ಆಕೆ ಗಾಬರಿಯಾಗಲಿಲ್ಲ, ಮುಚ್ಚಳ ತೆಗೆದರು. ಒಂದು ಲಿವರ್, ಒಂದು ತೊಡೆ ತುಂಡು, ಒಂದು ಪಕ್ಕೆಲುಬು, ಒಂದು ನಲ್ಲಿಮೂಳೆ. ಯಾರ ಹಲ್ಲೂ ತಾಗದ, ಇನ್ನೂ ಬಿಸಿಯಾರದ ಮಾಂಸ. ತಟ್ಟೆಯಿಂದ ಬಂದದ್ದು ಒಂದು ಚೂರೂ ಇರಲಿಲ್ಲ.

"ಗುಡ್ಡೆ ಕಣಣ್ಣ," ಎಂದರು ಮಹಾನಂದ. "ನಮ್ಮ ಮಾಗಡಿ ಕಡೆ ಕುರಿ ಕುಯ್ದ್ರೆ ಎಲ್ಲಾ ಭಾಗದಿಂದ್ಲೂ ಒಂದೊಂದ್ ಚೂರು ಸೇರ್ಸಿ ಮನೆಗೊಂದು ಗುಡ್ಡೆ ಹಾಕ್ತಾರೆ. ಬರ್ದೆ ಇರೋರ ಗುಡ್ಡೇನ ಯಾರೂ ಮುಟ್ಟಂಗಿಲ್ಲ, ಮುಚ್ಚಿಡ್ಬೇಕು. ಇವ್ನಿಗೆ ಒಂದು ಹೆಣ್ಣು ನೋಡಿದೀವಿ. ಆ ಹುಡುಗಿ ತಂದೆ ಒಂದಿನ ಹೇಳ್ದೆ ಬರ್ತಾರಂತೆ. ಫೋಟೊ ತೋರ್ಸು ಅಂದ್ರೆ ಅವ್ಳು ತೋರಿಸ್ಲಿಲ್ಲ, ಪರೀಕ್ಷೆ ಪರೀಕ್ಷೆ ಥರಾನೇ ಇರ್ಲಿ ಅಂದ್ಳಂತೆ. ಅವ್ರು ಬಂದಾಗ ಒಳ್ಳೇ ಭಾಗ ಖಾಲಿ ಆಗಿದ್ರೆ ಏನಂದ್ಕೊಂಡಾರು ಅಂತ, ಹದಿನಾಲ್ಕು ದಿನದಿಂದ ದಿನಾ ಒಂದು ಗುಡ್ಡೆ ಎತ್ತಿಡ್ತಾನೆ. ಅವ್ರು ಬರಲ್ಲ, ಸಂಜೆ ನಾನೇ ತಿಂತೀನಿ."

ಮರಿಯಣ್ಣ ಹುಟ್ಟಿದ್ದೂ ಮಾಗಡಿ ಸೀಮೆಯಲ್ಲೇ. ಯುಗಾದಿ ಮರುದಿನದ ಹೊಸತೊಡಕಿಗೆ ಮುತ್ತುಗದ ಎಲೆಯ ಮೇಲೆ ಹಾಕಿದ ಗುಡ್ಡೆಗಳ ಮಧ್ಯೆ ಓಡಾಡಿ ಬೆಳೆದವನು. ಲಿವರ್, ತೊಡೆ, ಪಕ್ಕೆಲುಬು, ಮೂಳೆ ಎಂದು ಒಂದೊಂದೇ ಡಬ್ಬಕ್ಕೆ ಬೀಳುವಾಗ ಅದು ಗುಡ್ಡೆ ಎಂದು ಮಗುವಿಗೂ ಗೊತ್ತಾಗುತ್ತಿತ್ತು. ಅವನ ಕಣ್ಣು ಕಂಡದ್ದು ಒಂದು ಡಬ್ಬವನ್ನು ಮಾತ್ರ. ಎಂಜಲನ್ನು ಸೇರಿಸಿದ್ದು ತಲೆ. ಮಂಡಿಯಲ್ಲಿ ಮೂವತ್ತಾರು ವರ್ಷ ಕಾಣದ ಒಂದು ಕಲ್ಲನ್ನೂ ಕಂಡೆ ಎಂದು ಹೇಳಿದವನಲ್ಲ. ಹೇಳಬಾರದ ಕಡೆ ಹೇಳಿಬಿಟ್ಟಿದ್ದ.

ಕೈಯನ್ನೂ ತೊಳೆಯದೆ ಮಗಳಿಗೆ ಫೋನ್ ಮಾಡಿದ. ನಾಲ್ಕನೇ ಸಲಕ್ಕೆ ಅವಳು ಎತ್ತಿದಳು.

"ಮಾಧವಿ, ಎಂಜಲಲ್ಲ ಕಣಮ್ಮ. ನಂಗೇ ಎತ್ತಿಟ್ಟಿದ್ರಂತೆ. ನಾನ್ ನೋಡಿದ್ದು ತಪ್ಪು. ಇಲ್ಲ, ನಾನ್ ನೋಡೇ ಇರ್ಲಿಲ್ಲ."

ಅವಳು ಸಂತೋಷಪಡುತ್ತಾಳೆ ಎಂದುಕೊಂಡಿದ್ದ.

"ನಾನು ಅವ್ನಿಗೆ ಬೇಡ ಅಂತ ಬರೆದು ಕಳ್ಸಾಯ್ತಪ್ಪ," ಎಂದಳು. "ಯಾಕೆ ಅಂತ್ಲೂ ಬರೀಲಿಲ್ಲ. ಮೂರು ವರ್ಷದಿಂದ ನೋಡಿದವ್ನು. ಹಿಂಗ್ ಮಾಡಿದ್ಯಾ ಅಂತ ಒಂದ್ ಮಾತು ಕೇಳ್ಬೋದಿತ್ತು, ಕೇಳ್ಲಿಲ್ಲ. ನಾನೂ ನಿನ್ ಥರಾನೇ ಆಗೋದೆ."

ಹೆಂಡತಿ ಅಂದಿದ್ದಳು, ಬೀದಿಯವರು ಅಂದಿದ್ದರು, ಯಾವುದೂ ಅವನಿಗೆ ನಾಟಿರಲಿಲ್ಲ. ಇದು ನಾಟಿತು. "ಫೋನ್ ಇಡ್ಬೇಡ," ಎಂದಷ್ಟೇ ಹೇಳಿ ಮರಿಯಣ್ಣ ಒಲೆಯ ಕಡೆ ನಡೆದ.

"ಏನ್ ಬೇಕಿತ್ತು ಸಾರ್?" ವಸಂತ್ ತಲೆ ಎತ್ತದೆ ಕೇಳಿದ.

"ನಾನು ಮಾಧವಿ ತಂದೆ ಕಣಪ್ಪ. ಅವ್ಳದ್ದೇನೂ ತಪ್ಪಿಲ್ಲ. ನೋಡ್ದೆ ಇರೋದನ್ನ ನೋಡ್ದೆ ಅಂತ ನಾನೇ ಅವ್ಳಿಗೆ ಹೇಳ್ದೆ."

ವಸಂತ್ ಈಗ ತಲೆ ಎತ್ತಿದ. ಮರಿಯಣ್ಣನ ಮುಖ ನೋಡಿದ, ಕೈಯ ಎಣ್ಣೆ ನೋಡಿದ, ಫೋನ್ ನೋಡಿದ. ಬಂದಾಗಿನಿಂದ ಇಷ್ಟು ಪ್ರಶ್ನೆ ಕೇಳಿದ ಮನುಷ್ಯ ಈಗ ಇದನ್ನು ಯಾಕೆ ಹೇಳುತ್ತಿದ್ದಾನೆ ಎಂಬುದು ಅವನ ಕಣ್ಣಲ್ಲಿ ಕಾಣುತ್ತಿತ್ತು.

"ನೀವು ನಿಜವಾಗ್ಲೂ ಅವ್ರ ತಂದೆನಾ?" ಎಂದು ಕೇಳಿದ.

ಹೌದು ಎಂದು ಹೇಳಲು ಮರಿಯಣ್ಣ ಬಾಯಿ ತೆರೆದ. ತನ್ನ ಮಾತನ್ನು ಈ ಹುಡುಗ ಯಾಕಾದರೂ ನಂಬಬೇಕು ಎಂದು ಅವನಿಗೇ ಹೊಳೆಯಲಿಲ್ಲ. ಫೋನಿನ ಸ್ಪೀಕರ್ ಒತ್ತಿ, ಕೆಂಡದ ಮೇಲಿಂದ ಕೈ ಚಾಚಿ ಅವನ ಮುಂದೆ ಹಿಡಿದ.

"ಹೌದು ವಸಂತ್, ನಮ್ಮಪ್ಪಾನೇ," ಎಂದಿತು ಮಾಧವಿಯ ದನಿ. "ಈಗ ಹೇಳ್ತಿರೋದು ನಿಜ."

ವಸಂತ್ ಅಂಗಿಗೆ ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡ.