ಅಕ್ಕ ಚಾಚಿದ ಕೈ

ನಾನು ಚಿಕ್ಕವನಿದ್ದಾಗ, ಎಪ್ಪತ್ತರ ದಶಕದಲ್ಲಿ, ಮನೋಳಿ ಹತ್ತಿರದ ನಮ್ಮೂರ ಶಾಲೆಯಲ್ಲಿ ಅಪ್ಪನೇ ನಮಗೆ ಗಣಿತದ ಮಾಸ್ತರ. ಎರಡು ತರಗತಿಗಳಿಗೆ ಒಂದೇ ಕೋಣೆ. ಹಾಗಾಗಿ ಅಕ್ಕನೂ ಅಲ್ಲೇ ಇರುತ್ತಿದ್ದಳು. ಅಪ್ಪ ಹಲಗೆಯ ಮೇಲೆ ಒಂದು ಲೆಕ್ಕ ಬರೆದು, ಹಿಂದಿನ ಗೋಡೆಗೆ ಒರಗಿ ಕೂತುಬಿಡುತ್ತಿದ್ದ. ಬಿಡಿಸುವವರು ನಾವೇ. ಒಪ್ಪಿಗೆ ಇಲ್ಲದವರು ಎದ್ದು ಹೋಗಿ ಕೈ ಚಾಚಬೇಕು. ಸೀಮೆಸುಣ್ಣ, ನಮ್ಮ ಮಾತಿನಲ್ಲಿ ಖಡು, ಹಿಡಿದವರು ಅದನ್ನು ಕೊಡಲೇಬೇಕು. ಎಲ್ಲರೂ ಒಪ್ಪುವವರೆಗೆ ಅಪ್ಪ ತುಟಿ ಬಿಚ್ಚುತ್ತಿರಲಿಲ್ಲ.

ಆ ದಿನ ಮೋಡ ಕವಿದಿತ್ತು. ಹೊಳೆಯ ಕಡೆಯಿಂದ ಕೆಸರಿನ ವಾಸನೆ ಬರುತ್ತಿತ್ತು. ಅದು ಬೇರೊಂದು ದಿನದ ವಾಸನೆಯೂ ಇರಬಹುದು, ಖಚಿತವಿಲ್ಲ. ಲೆಕ್ಕ ಮಾತ್ರ ಚೆನ್ನಾಗಿ ನೆನಪಿದೆ: ಹೊಲದ ಉದ್ದವನ್ನೂ ಅಗಲವನ್ನೂ ಎರಡು ಪಟ್ಟು ಮಾಡಿದರೆ ಹೊಲ ಎಷ್ಟು ಪಟ್ಟಾಗುತ್ತದೆ?

"ಎರಡು ಪಟ್ಟ ಆಗತೈತಿ," ಅಂದಳು ಅಕ್ಕ.

"ಹೊಲ ಏನ್ ಹಾವೇನವಾ, ಬರೇ ಉದ್ದ ಬೆಳಿಯಾಕ?" ಎಂದು ಒಬ್ಬ ಹುಡುಗ ಛೇಡಿಸಿದ. ಕೋಣೆಯೆಲ್ಲ ನಗು. ಅಷ್ಟರಲ್ಲಿ ಶಾಲೆಯ ತಪಾಸಣೆಗೆಂದು ಸಾಹೇಬರು ಒಳಗೆ ಬಂದರು.

"ಏನ್ರಿ ಮಾಸ್ತರ, ಸಾಲಿನೋ ಸಂತಿನೋ ಇದು?" ಎನ್ನುತ್ತ ಸೀಮೆಸುಣ್ಣ ಎತ್ತಿಕೊಂಡು 'ನಾಲ್ಕು ಪಟ್ಟು' ಎಂದು ಬರೆದರು. "ಬರಕೋರಿ ಎಲ್ಲಾರೂ."

ಅಕ್ಕ ಎದ್ದುಹೋಗಿ ಅವರ ಮುಂದೆ ಕೈ ಚಾಚಿದಳು. "ನನಗ ಒಪ್ಪಿಗಿಲ್ರಿ. ನಾಲ್ಕ ಹೆಂಗಾತ್ರಿ? ಖಡು ಕೊಡ್ರಿ."

ನಮಗದು ದಿನದ ರೂಢಿ. ಸಾಹೇಬರ ಮುಖ ಬಿಗಿಯಿತು. ಅಪ್ಪನತ್ತ ತಿರುಗಿದರು. "ಎದುರು ಮಾತಾಡೂದು ಕಲಿಸೀರಿ. ನಾಳಿಯಿಂದ ನೀವ ಬಿಡಿಸ್ರಿ, ಅವರು ಬರಕೊಳ್ಳಲಿ. ಇಲ್ಲಂದ್ರ ಈ ಸಾಲ್ಯಾಗ ನೀವು ಇರೂದಿಲ್ಲ."

ಅಪ್ಪ ಗೋಡೆ ಬಿಟ್ಟು ಎದ್ದ. "ಕುಂಡ್ರವಾ," ಅಂದ, ಅಕ್ಕನಿಗೆ. ಅವಳ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು.

ಮರುದಿನ ಅಪ್ಪ ಬರೆದ, ನಾವು ಬರೆದುಕೊಂಡೆವು. 'ನಾಲ್ಕು ಪಟ್ಟು' ಎಂದು ಒಕ್ಕೊರಲಿಂದ ಹೇಳಿದೆವು. ಹೇಗೆ ಎಂದು ಯಾರೂ ಕೇಳಲಿಲ್ಲ. ಸಂಜೆ ಅಕ್ಕ ರೊಟ್ಟಿ ಮುಟ್ಟಲಿಲ್ಲ, ಅಪ್ಪನೂ.

ಮೊನ್ನೆ ಫೋನಿನಲ್ಲಿ ಅಕ್ಕನಿಗೆ ಇದನ್ನು ನೆನಪಿಸಿದೆ. "ಅಪ್ಪ ಎಲ್ಲಿ ಅಂದಾನೋ ಖೋಡಿ? ಕುಂಡ್ರು ಅಂದಾಂವ ಆ ಸಾಹೇಬ," ಅಂದಳು. ಯಾರ ನೆನಪು ನಿಜವೋ ಗೊತ್ತಿಲ್ಲ. ಅವಳದೇ ನಿಜವಾಗಿರಲಿ.

ಮೊಮ್ಮಕ್ಕಳೇ, ನಿಮ್ಮ ಶಾಲೆಯಲ್ಲಿ ಗುಂಪಾಗಿ ಕೂತು ವಾದಿಸಲೆಂದೇ ಒಂದು ಪಿರಿಯಡ್ ಇದೆ. ಅದಕ್ಕಾಗಿ ನಿಮ್ಮ ಟೀಚರನ್ನು ಯಾರೂ ಬೆದರಿಸುವುದಿಲ್ಲ. ನಿನ್ನೆ ನೀವಿಬ್ಬರೂ ಕಾಗದ ಮಡಚುತ್ತ, ಬಿಚ್ಚುತ್ತ, ಒಂದು ಲೆಕ್ಕಕ್ಕೆ ಜಗಳಾಡಿ, "ಅಜ್ಜಾ, ನೀನ ಹೇಳು," ಅಂದಿರಿ. ಉತ್ತರ ನನಗೆ ಗೊತ್ತಿತ್ತು. ನಾನು ಎದ್ದು ಹೋಗಿ, ಹಿಂದಿನ ಗೋಡೆಗೆ ಒರಗಿ ಕೂತೆ.