ಸೀಮೆಸುಣ್ಣದ ವಠಾರ

ಆ ದಿನಗಳಲ್ಲಿ ಗಿರಿನಗರದ ತಾರಸಿಗಳ ಮೇಲೆ ನಿಂತರೆ ದೂರದ ಗುಡ್ಡಗಳು ಕಾಣುತ್ತಿದ್ದವು ಎಂದು ಬರೆದೆ. ಬರೆದ ಮೇಲೆ, ಯಾವ ಗುಡ್ಡಗಳು ಎಂದು ನನ್ನನ್ನೇ ಕೇಳಿಕೊಂಡೆ. ಗೊತ್ತಿಲ್ಲ. ಬಹುಶಃ ಅವು ಬೇರೆ ಯಾವುದೋ ಊರಿನ, ಬೇರೆ ಯಾವುದೋ ರಜೆಯ ಗುಡ್ಡಗಳು. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಕೆಲವನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ನನಗೆ ಆಗ ಒಂಬತ್ತೋ ಹತ್ತೋ. ಡೈರಿ ಬರೆಯುವ ಅಭ್ಯಾಸ ಬಂದದ್ದು ಕಾಲೇಜಿಗೆ ಸೇರಿದ ಮೇಲೆ. ಆ ಬೇಸಿಗೆಗೆ ನನ್ನ ತಲೆಯ ಹೊರಗೆ ಸಾಕ್ಷಿಯಿಲ್ಲ. ವಾಸನೆಗಳನ್ನು ಮಾತ್ರ ನಂಬುತ್ತೇನೆ. ಬಿಸಿಲಿಗೆ ಕಾದ ತಾರಸಿಯ ಮೇಲೆ ನೀರು ಚಿಮುಕಿಸಿದಾಗ ಏಳುತ್ತಿದ್ದ ವಾಸನೆ, ಬೇಕರಿಯ ಖಾರಾ ಬನ್ನಿನದು, ಅಮ್ಮನ ಕೈಯ ಕೊಬ್ಬರಿ ಎಣ್ಣೆಯದು. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಅಷ್ಟಾಗಿ ನಂಬುವುದಿಲ್ಲ.

ನಮ್ಮ ಮನೆ ಬನಶಂಕರಿ ಮೂರನೇ ಹಂತದಲ್ಲಿತ್ತು. ಅಮ್ಮ ಜಯನಗರದ ಒಂದು ಆಫೀಸಿನಲ್ಲಿ ಗುಮಾಸ್ತೆ. ಮದುವೆಗೆ ಮೊದಲಿನಿಂದಲೂ ಹವ್ಯಾಸಿ ತಂಡಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡುತ್ತಿದ್ದಳು. ಆ ವರ್ಷ ಮೊದಲ ಬಾರಿಗೆ ದೊಡ್ಡ ಪಾತ್ರ ಸಿಕ್ಕಿತ್ತು. ಗಿರಿನಗರದ ಒಬ್ಬ ಮೇಷ್ಟ್ರು ಬರೆದ ಹಾಸ್ಯ ನಾಟಕ, ಒಂದು ವಠಾರದ ಕಥೆ. ಅದರಲ್ಲಿ ಅಮ್ಮನೇ ಮನೆ ಮಾಲೀಕಳು, ಸೊಂಟಕ್ಕೆ ಬೀಗದ ಕೈಗಳ ಗೊಂಚಲು ಸಿಕ್ಕಿಸಿಕೊಂಡು ಬಾಡಿಗೆದಾರರನ್ನು ಗೋಳು ಹೊಯ್ದುಕೊಳ್ಳುವ ಮುದುಕಿ.

ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಇದನ್ನು ನಾನು ಒತ್ತಿ ಹೇಳಬೇಕು. ಅಪ್ಪ ಯಾವತ್ತೂ ಬೇಡ ಅಂದವರಲ್ಲ. ಅಜ್ಜಿ, ಅಂದರೆ ಅಪ್ಪನ ಅಮ್ಮ, ಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಹೊರಬಂದವರು ಇಷ್ಟೇ ಹೇಳಿದರು:

"ಮಾಡ್ಲಿ ಬಿಡಪ್ಪ. ಬಣ್ಣ ತೊಳ್ಕೊಂಡು ಒಳಗ್ ಬರ್ಲಿ. ಮಗೂನ ಜೊತೇಲಿ ಕರ್ಕೊಂಡ್ ಹೋಗ್ಲಿ. ಅಷ್ಟೇ ನಾನ್ ಹೇಳೋದು."

ಹಾಗೆ ನಾನು ಅಮ್ಮನ ಜೊತೆಯಾದೆ. ರಜೆಯ ಪ್ರತಿ ಸಂಜೆ ಅಮ್ಮ ಆಫೀಸಿನಿಂದ ಬಂದು ಮುಖ ತೊಳೆದು, ನನ್ನ ಜಡೆ ಎಳೆದು ಕಟ್ಟಿ, ಗಿರಿನಗರಕ್ಕೆ ನಡೆಸಿಕೊಂಡು ಹೊರಡುವಳು. ಅದೇ ಹೊತ್ತಿಗೆ ನಮ್ಮ ಬೀದಿಯಲ್ಲಿ ಲಗೋರಿ ಶುರುವಾಗುತ್ತಿತ್ತು. ಎದುರು ಮನೆಯ ಸತೀಶ ಕೈಯಲ್ಲಿ ಚೆಂಡು ಹಿಡಿದೇ ಕೂಗುತ್ತಿದ್ದ: "ಲೋ ಮಗಾ, ಹೊರಟ್ಳು ನೋಡೋ, ಹೀರೋಯಿನ್ ಬಾಡಿಗಾರ್ಡು!"

"ಸುಮ್ನಿರೋ ಕೋತಿ," ಎಂದು ಅಮ್ಮನೇ ಉತ್ತರ ಕೊಡುತ್ತಿದ್ದಳು. ಸಿಟ್ಟಿನಿಂದಲ್ಲ. ಆ ಹೊತ್ತಿನಲ್ಲಿ ಅವಳಿಗೆ ಯಾರ ಮೇಲೂ ಸಿಟ್ಟು ಬರುತ್ತಿರಲಿಲ್ಲ.

ಮೇಷ್ಟ್ರು ಹಗಲು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವರು. ಸಂಜೆ ತಮ್ಮ ಮನೆಯ ತಾರಸಿಯ ಮೇಲೆ ಸೀಮೆಸುಣ್ಣ ಹಿಡಿದು ಇಡೀ ವಠಾರವನ್ನು ಬರೆಯುತ್ತಿದ್ದರು. ದಾರ ಎಳೆದು ಅಳೆದು, ಇದು ಪಡಸಾಲೆ, ಇದು ಬಚ್ಚಲು, ಇದು ಗುಮಾಸ್ತರ ಮನೆ, ಇದು ಟೈಲರ್ ಮನೆ. ಬಾಗಿಲಿರುವ ಕಡೆ ಗೆರೆ ನಿಲ್ಲಿಸಿ ಸಣ್ಣ ಜಾಗ ಬಿಡುವರು. ಒಮ್ಮೆ ಗೆರೆ ಬಿತ್ತೆಂದರೆ ಅದು ಗೋಡೆ. ಚಹಾದ ಲೋಟ ಕೊಡುವುದಕ್ಕೂ ಗೋಡೆ ದಾಟಿ ಕೈ ಚಾಚುವಂತಿಲ್ಲ, ಬಾಗಿಲಿನಿಂದಲೇ ಹೋಗಬೇಕು. ಅಮ್ಮ ಒಂದು ಸಲ ಮಾತಿನ ಭರದಲ್ಲಿ ಗೆರೆ ತುಳಿದು ನಡೆದಳು.

"ಪಾರ್ವತೀ, ಗೋಡೆ ಒಳಗಿಂದಾನೇ ಬಂದ್ಯಲ್ಲಮ್ಮ! ಮನೆ ಓನರ್ರಾ, ದೆವ್ವಾನಾ ನೀನು?"

"ಬಾಡಿಗೆ ಕೇಳೋಕ್ ಹೊರಟಾಗ ಎರಡೂ ಒಂದೇ ಮೇಷ್ಟ್ರೇ," ಅಂದಳು ಅಮ್ಮ. ಎಲ್ಲರೂ ನಕ್ಕರು. ಆ ಮಾತನ್ನು ಮೇಷ್ಟ್ರು ನಾಟಕಕ್ಕೇ ಸೇರಿಸಿಕೊಂಡರು.

ನಾನು ಅಡ್ಡ ಬರುತ್ತೇನೆಂದು ಮೂಲೆಯಲ್ಲಿ ನನಗೊಂದು ಚೌಕ ಬರೆದುಕೊಟ್ಟಿದ್ದರು. "ಇದು ಖಾಲಿ ಮನೆ ಕಣೇ ಶೈಲೂ. ನಾಟಕ ಮುಗಿಯೋವರ್ಗೂ ಯಾರೂ ಬಾಡಿಗೆಗೆ ಬರಲ್ಲ. ಅಲ್ಲಿ ಕೂತ್ಕೋ." ನಾನು ಕೂತೆ. ಕುಂಟೆಬಿಲ್ಲೆಯ ಮನೆಗಿಂತ ತುಸು ದೊಡ್ಡದು, ಕಾಲು ಚಾಚಿದರೆ ಗೋಡೆಯ ಆಚೆ ಹೋಗುತ್ತಿತ್ತು. ದಾರಿಯಲ್ಲಿ ಅಮ್ಮ ಕೊಡಿಸಿದ ಖಾರಾ ಬನ್ ಮುಗಿದ ಮೇಲೆ ಮಾಡಲು ಏನೂ ಇರುತ್ತಿರಲಿಲ್ಲ. ಒಂದು ದಿನ ಸುತ್ತ ನೋಡಿ, ಉಳಿದೆಲ್ಲ ಮನೆಗಳಿಗೂ ಬಾಗಿಲ ಜಾಗ ಬಿಟ್ಟಿದೆ, ನನ್ನದಕ್ಕೆ ಮಾತ್ರ ನಾಲ್ಕೂ ಕಡೆ ಗೆರೆ ಎಳೆದುಬಿಟ್ಟಿದ್ದಾರೆ ಎಂದು ಗೊತ್ತಾಯಿತು. ಬಚ್ಚಲಿಗೆ ಹೋಗಬೇಕಿತ್ತು. ಹೇಳಲಾಗದೆ ಅಳು ಬಂತು.

ಅದನ್ನು ಕಂಡವಳು ರೇಖಾ. ಕಾಲೇಜಿನಲ್ಲಿ ಓದುತ್ತಿದ್ದ ಹುಡುಗಿ, ಮಾತು ಮರೆತವರಿಗೆ ಮರೆಯಿಂದ ಎತ್ತಿಕೊಡುವುದು ಅವಳ ಕೆಲಸ. ಇಡೀ ನಾಟಕ ಅವಳಿಗೆ ಬಾಯಿಪಾಠ. ಅವಳು ಬಗ್ಗಿ ಒದ್ದೆ ಬೆರಳಿನಿಂದ ಒಂದು ಕಡೆ ಗೆರೆ ಅಳಿಸಿ, "ಬಾಗಿಲು ತೆಗೆದೆ, ಓಡು!" ಅಂದಳು. ಮಾರನೆಯ ದಿನ ಮೇಷ್ಟ್ರು ಮತ್ತೆ ನಾಲ್ಕೂ ಕಡೆ ಬರೆದಿದ್ದರು. ಮರೆತು ಬರೆದಿದ್ದರು, ಅಷ್ಟೆ. ಸುಳ್ಳು ಹೇಳಬಾರದು.

ಮನೆಯಲ್ಲೂ ಅಮ್ಮ ಆ ಗೆರೆಗಳ ನಡುವೆಯೇ ಓಡಾಡುತ್ತಿದ್ದಳು. ಅಡುಗೆಮನೆಯ ಗೂಡಿನ ಪಕ್ಕ ನಿಂತು, ಇಲ್ಲದ ಬೀಗಕ್ಕೆ ಇಲ್ಲದ ಬೀಗದ ಕೈ ಹಾಕಿ, ಮಣಿಕಟ್ಟು ತಿರುಗಿಸಿ, ಸೊಂಟದಿಂದ ಬಾಗಿಲು ನೂಕಿ ಒಳಗೆ ಹೋಗುವಳು. ಕುಕ್ಕರ್ ಕೂಗುತ್ತಿರುತ್ತಿತ್ತು. ನನಗೆ ಆ ಬಾಗಿಲು ಕಿರ್ರೆಂದದ್ದೂ ಕೇಳಿದೆ. ಇದು ತಪ್ಪು ನೆನಪೆಂದು ಯಾರು ಹೇಳಿದರೂ ಒಪ್ಪುವುದಿಲ್ಲ.

ಮೇ ತಿಂಗಳ ಕೊನೆಗೆ ಮೇಷ್ಟ್ರು ಒಂದು ಸುದ್ದಿ ತಂದರು. ಜಯನಗರದ ಶಾಲೆಯೊಂದರಲ್ಲಿ ಪ್ರದರ್ಶನವಾದ ಮೇಲೆ ಜೂನ್ ಪೂರ್ತಿ ಹುಬ್ಬಳ್ಳಿ, ಗದಗ, ಕಲಬುರಗಿ ಕಡೆ ನಾಟಕ. ಹೋದವರನ್ನೇ ಸೇರಿಸಿಕೊಂಡು ಆಮೇಲೆ ತಂಡವನ್ನು ವೃತ್ತಿಯಾಗಿ ನಡೆಸುವ ಯೋಚನೆ.

"ಆಫೀಸಿಗೆ ರಜಾ ಹಾಕು, ಆಮೇಲಿಂದು ಆಮೇಲ್ ನೋಡೋಣ," ಅಂದರು ಅಮ್ಮನಿಗೆ. "ಶೋ ದಿನ ಹೇಳ್ಬಿಡಮ್ಮ. ನೀನ್ ಬರ್ಲಿಲ್ಲಾಂದ್ರೆ ರೇಖಾಗೆ ಕಲಿಸ್ಬೇಕು."

ಆ ಭಾನುವಾರ ಊಟಕ್ಕೆ ಕೂತಾಗ ಅಮ್ಮ ವಿಷಯ ತೆಗೆದಳು. ಮಾವಿನಕಾಯಿ ಚಿತ್ರಾನ್ನ. ಅಪ್ಪ ತುತ್ತು ನುಂಗಿ, ನೀರು ಕುಡಿದು, ಮೆಲ್ಲಗೆ ಹೇಳಿದರು: "ನಾನ್ ಬೇಡ ಅನ್ನಲ್ಲ ಪಾರ್ವತಿ. ಅವ್ವಾನೂ ಬೇಡ ಅನ್ನಲ್ಲ. ಜೂನಲ್ಲಿ ಶೈಲೂಗೆ ಸ್ಕೂಲು, ನಿನ್ ಜೊತೆ ಬರಕ್ಕಾಗಲ್ಲ. ಅವಳನ್ನೇ ಕೇಳು. ಇರ್ತೀನಿ ಅಂದ್ರೆ ಹೋಗ್ಬಾ."

"ಅವಳೇನ್ ಹೇಳ್ತಾಳ್ರೀ, ಮಗು ಅದು."

"ಮಗುಗಿಂತ ದೊಡ್ಡೋರ್ ಯಾರಿದಾರೆ ನಮಗೆ?"

ಎಷ್ಟು ಒಳ್ಳೆಯ ಮಾತು! ಅಜ್ಜಿ ನನ್ನ ತಲೆ ಸವರಿದರು. ನಾನು ತಟ್ಟೆಯಲ್ಲಿ ಒಂದೊಂದೇ ಕಡಲೆಬೀಜ ಆರಿಸುತ್ತ, ಅಮ್ಮ ಈಗ ಕೇಳುತ್ತಾಳೆ, ಈಗ ಕೇಳುತ್ತಾಳೆ ಎಂದು ಕಾದೆ. ಅವಳು ಕೇಳಲಿಲ್ಲ. ಮಾರನೆಯ ದಿನವೂ ಕೇಳಲಿಲ್ಲ. ನಾನೇ ಬಚ್ಚಲುಮನೆಯಲ್ಲಿ ಕೊಡಕ್ಕೆ ಮುಖ ಇಟ್ಟು ಎರಡೂ ಉತ್ತರಗಳನ್ನು ಅಭ್ಯಾಸ ಮಾಡಿದೆ. "ಇರ್ತೀನಿ ಅಮ್ಮ, ಹೋಗ್ಬಾ." "ಬೇಡ ಅಮ್ಮ, ಹೋಗ್ಬೇಡ." ಕೊಡ ಎರಡನ್ನೂ ಒಂದೇ ದನಿಯಲ್ಲಿ ಹಿಂದಿರುಗಿಸುತ್ತಿತ್ತು. ಲಗೋರಿಯೂ ಬೇಡವಾಯಿತು. ಸತೀಶ ಕರೆದರೂ ಹೋಗದೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ.

ಪ್ರದರ್ಶನದ ಮಧ್ಯಾಹ್ನ ಜೋರು ಮಳೆ ಬಂತು. ಶಾಲೆಯ ಸಭಾಂಗಣದ ಪಕ್ಕದ ಆಟದ ಸಾಮಾನಿನ ಕೋಣೆಯೇ ಬಣ್ಣದ ಕೋಣೆ. ಮುರಿದ ಬೆಂಚುಗಳು, ಸುತ್ತಿಟ್ಟ ಚಾಪೆಗಳು, ಒದ್ದೆ ಗೋಡೆಯ ಮುಗ್ಗಲು. ಮೊದಲರ್ಧ ಚೆನ್ನಾಗಿ ಹೋಯಿತು. ಅಪ್ಪ ನಕ್ಕರು. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅಮ್ಮ ಗೊಂಚಲು ಕುಣಿಸಿಕೊಂಡು ಬಂದರೆ ಸಾಕು, ಹಿಂದಿನ ಸಾಲಿನ ಹುಡುಗರು ಸಿಳ್ಳೆ ಹಾಕುತ್ತಿದ್ದರು.

ವಿರಾಮದಲ್ಲಿ ಅಪ್ಪ ಬೋಂಡಾ ಪೊಟ್ಟಣ ಕೊಟ್ಟು, "ಅಮ್ಮಂಗೆ ಕೊಟ್ ಬಾ," ಎಂದು ಕಳಿಸಿದರು. ಉಳಿದವರೆಲ್ಲ ಚಹಾಕ್ಕೆ ಹೋಗಿದ್ದರು. ಮುದುಕಿಯಾಗಲು ಕೂದಲಿಗೆ ಹಾಕಿದ್ದ ಬಿಳಿ ಪುಡಿ ಅಮ್ಮನ ರೆಪ್ಪೆಯ ಮೇಲೂ ಬಿದ್ದಿತ್ತು. ಗಾಳಿ ಬರುತ್ತಿದೆಯೆಂದು ಬಾಗಿಲು ಮುಚ್ಚಿದಳು. ಬೋಂಡಾ ತಿನ್ನಲಿಲ್ಲ.

"ಅಪ್ಪ ನಕ್ಕರಾ?"

"ಹ್ಞೂಂ."

"ಅಜ್ಜಿ?"

"ಅಜ್ಜೀನೂ."

ಅವಳು ಚಾಪೆಯ ಸುರುಳಿಯ ಮೇಲೆ ಕೂತು ನನ್ನನ್ನು ಮೊಣಕಾಲ ಮಧ್ಯೆ ನಿಲ್ಲಿಸಿಕೊಂಡಳು. "ಶೈಲೂ, ಅಮ್ಮ ಒಂದ್ ತಿಂಗ್ಳು ಊರೂರು ನಾಟಕಕ್ಕೆ ಹೋದ್ರೆ, ನೀನು ಇರ್ತೀಯಾ?"

ನಾನು ಏನೋ ಹೇಳಿದೆ.

ಅದು ನೆನಪಿಲ್ಲ. ಎರಡನ್ನೂ ಅಷ್ಟು ಸಲ ಹೇಳಿಕೊಂಡಿದ್ದೆನಲ್ಲ, ಈಗ ಯಾವುದನ್ನು ಹೇಳಿ ನೋಡಿದರೂ ಅದೇ ಸರಿ ಅನ್ನಿಸುತ್ತದೆ. ಅಮ್ಮನ ಮುಖ ನೋಡಿ ಊಹಿಸೋಣವೆಂದರೆ ಅದು ಬಣ್ಣ ಬಳಿದ ಮುದುಕಿಯ ಮುಖ.

ಗಂಟೆ ಹೊಡೆಯಿತು. ಹೊರಗೆ ಓಡಾಟ. "ಪಾರ್ವತಮ್ಮಾ, ಸೀನು!" ಬಾಗಿಲು ಬಡಿದರು. ತಳ್ಳಿದರು. ತೆರೆಯಲಿಲ್ಲ.

"ಮಳೆಗೆ ಉಬ್ಬಿಬಿಟ್ಟಿದೆ ಮೇಷ್ಟ್ರೇ! ಎಳೀತಿದೀನಿ, ಬರ್ತಾನೇ ಇಲ್ಲ!" ಎಂದು ಅಮ್ಮ ಕೂಗಿದಳು. ಕೂಗಿದ್ದು ಚಾಪೆಯ ಮೇಲೆ ಕೂತೇ. ಅವಳ ಒಂದು ಕೈ ನನ್ನ ಬೆನ್ನ ಮೇಲಿತ್ತು, ಇನ್ನೊಂದು ಸದ್ದಾಗದಂತೆ ಗೊಂಚಲನ್ನು ಹಿಡಿದಿತ್ತು. ಮೇಲೆ, ನನ್ನ ಕೈಗೆಟುಕದ ಎತ್ತರದಲ್ಲಿ, ಚಿಲಕ ಹಾಕಿತ್ತು. ಹಾಗೆಂದು ನನ್ನ ನೆನಪು. ಆದರೆ ಆ ಚಿಲಕ ದುಂಡನೆ ತಲೆಯ ಹಿತ್ತಾಳೆಯದು, ನಮ್ಮ ಬಚ್ಚಲುಮನೆಯ ಬಾಗಿಲಿಗೂ ಅಂಥದ್ದೇ ಇತ್ತು. ಅಲ್ಲಿಂದ ಕಿತ್ತು ಇಲ್ಲಿ ನಾನೇ ಜೋಡಿಸಿರಬಹುದು.

ಸ್ವಲ್ಪ ಹೊತ್ತಿಗೆ ರಂಗದ ಮೇಲಿಂದ ರೇಖಾಳ ದನಿ ಕೇಳಿಸಿತು. ಅಮ್ಮನ ಮಾತುಗಳನ್ನು ಅವಳು ಆಡುತ್ತಿದ್ದಳು. ಗೊಂಚಲು ಇಲ್ಲದ್ದರಿಂದ ಬಾಯಲ್ಲೇ ಝಣ್ ಝಣ್ ಅಂದಳಂತೆ, ಜನ ಬಿದ್ದು ಬಿದ್ದು ನಕ್ಕರು. ಕೋಣೆಯಲ್ಲಿ ಅಮ್ಮನ ತುಟಿಗಳು ಆ ಮಾತುಗಳ ಜೊತೆಜೊತೆಗೆ ಅಲ್ಲಾಡುತ್ತಿದ್ದವು. ಬಾಗಿಲು ಹೇಗೆ ತೆರೆಯಿತು, ಯಾರು ತೆರೆದರು ಎಂಬುದು ನನ್ನಲ್ಲಿಲ್ಲ. ಆಮೇಲೆ ಕಾಣುವುದು ಛತ್ರಿ ಹಿಡಿದು ನಿಂತ ಅಪ್ಪ. "ಹೋಗ್ಲಿ ಬಿಡು ಪಾರ್ವತಿ," ಅನ್ನುತ್ತಿದ್ದಾರೆ, "ಬಾಗ್ಲಿಗೆ ಯಾರೇನ್ ಮಾಡಕ್ಕಾಗುತ್ತೆ."

ಜೂನಿನಲ್ಲಿ ರೇಖಾ ಹುಬ್ಬಳ್ಳಿಗೆ ಹೋದಳು. ಅಮ್ಮ ಆಫೀಸಿಗೆ ಹೋದಳು, ನಾನು ಶಾಲೆಗೆ.

ಕಳೆದ ತಿಂಗಳು ಜೆ.ಪಿ. ನಗರದ ಒಂದು ಪುಟ್ಟ ರಂಗಮಂದಿರದಲ್ಲಿ ಹಿರಿಯ ಕಲಾವಿದೆಯರು ತಮ್ಮ ರಂಗದ ದಿನಗಳ ಬಗ್ಗೆ ಮಾತಾಡುವ ಕಾರ್ಯಕ್ರಮವಿತ್ತು. ರೇಖಾ ಈಗ ದೊಡ್ಡ ನಟಿ, ಪಾರ್ವತಕ್ಕನನ್ನೂ ಕರೆಯಲೇಬೇಕೆಂದು ಅವರೇ ಹಟ ಹಿಡಿದಿದ್ದರಂತೆ. ಅಮ್ಮ ಹಸಿರು ಸೀರೆ ಉಟ್ಟು ವೇದಿಕೆಯ ಮೇಲೆ ಕೂತು, ಮೈಕನ್ನು ತುಸು ದೂರ ಸರಿಸಿದಳು. ಅವಳ ದನಿಗೆ ಅದು ಬೇಕಿರಲಿಲ್ಲ.

"ಇಡೀ ವಠಾರದ ಬೀಗದ ಕೈ ನನ್ ಸೊಂಟದಲ್ಲಿ. ಬೀಗ ಹಾಕ್ಕೊಂಡೋಳು ನಾನೇ!" ಸಭೆ ಘೊಳ್ಳೆಂದಿತು. "ಒಬ್ಬಳೇ ಒಳಗೆ. ಎಳೀತೀನಿ, ಎಳೀತೀನಿ, ಬಾಗಿಲು ಜಪ್ಪಯ್ಯ ಅಂದ್ರೂ ಬರಲ್ಲ."

ರೇಖಾ ಅವಳ ಕೈ ಹಿಡಿದುಕೊಂಡರು. "ಅಕ್ಕ, ಆ ಬಾಗಿಲು ತೆಗೆದಿದ್ರೆ ನಾನ್ ಇವತ್ತು ಇಲ್ಲಿ ಇರ್ತಿರ್ಲಿಲ್ಲ." ಚಪ್ಪಾಳೆ. ಅಮ್ಮನೂ ನಕ್ಕಳು.

ಒಬ್ಬಳೇ ಒಳಗೆ. ನಾನು ಮೂರನೆಯ ಸಾಲಿನಲ್ಲಿ ಕೂತು ಆ ಮಾತನ್ನೇ ಹಿಡಿದುಕೊಂಡಿದ್ದೆ. ಅಷ್ಟು ವರ್ಷ ನಾನು ಕೂತಿದ್ದ ಆ ಕೋಣೆಯಿಂದ ಅಮ್ಮ ನನ್ನನ್ನು ಯಾವಾಗ ಹೊರಗೆ ಕಳಿಸಿದಳು? ಮರೆತು ಕಳಿಸಿದಳೋ, ಬೇಕೆಂದೇ ಕಳಿಸಿದಳೋ?

ಮೇಷ್ಟ್ರು ಈಗಿಲ್ಲ. ಅವರ ಮನೆ ಇದ್ದಲ್ಲಿ ಅಪಾರ್ಟ್‌ಮೆಂಟ್ ಬಂದಿದೆ, ಅದರ ತಾರಸಿಯಲ್ಲಿ ನೀರಿನ ಟ್ಯಾಂಕುಗಳ ನಡುವೆ ಒಬ್ಬರು ನಡೆಯುವಷ್ಟೂ ಜಾಗವಿಲ್ಲ. ಅಪ್ಪ, ಅಜ್ಜಿ ಹೋಗಿ ವರ್ಷಗಳಾದವು. ಅಡುಗೆಮನೆಯಲ್ಲಿ ಇಲ್ಲದ ಬಾಗಿಲು ತೆರೆಯುತ್ತಿದ್ದ ಆ ಹೆಂಗಸನ್ನು ಜೂನ್ ಆದ ಮೇಲೆ ನಾನು ನೋಡಿಲ್ಲ. ಅವಳು ಎಷ್ಟು ದೊಡ್ಡ ನಟಿಯಾಗುತ್ತಿದ್ದಳೋ, ಅಥವಾ ಆಗುತ್ತಲೇ ಇರಲಿಲ್ಲವೋ, ಅಳೆಯಲು ನನ್ನ ಹತ್ತಿರ ಮೇಷ್ಟ್ರ ದಾರವೂ ಇಲ್ಲ.

ಕುಮಾರಸ್ವಾಮಿ ಲೇಔಟಿನ ಈಗಿನ ಮನೆಗೆ ಆಟೋದಲ್ಲಿ ವಾಪಸು ಬರುವಾಗ, ಸಿಗ್ನಲ್ಲಿನಲ್ಲಿ ನಿಂತಿದ್ದಾಗ, ಕೇಳಿದೆ.

"ಅಮ್ಮ, ಆವತ್ತು ಆ ರೂಮಲ್ಲಿ ನಾನೂ ಇದ್ದೆ."

ಅಮ್ಮ ಮಡಿಲಲ್ಲಿದ್ದ ಹಾರದ ಹೂಗಳನ್ನು ಸರಿಪಡಿಸುತ್ತಿದ್ದಳು.

"ಇರ್ತೀಯಾ ಅಂತ ನೀನು ನನ್ನ ಕೇಳ್ದೆ. ನಾನು ಏನಂದೆ ಅಮ್ಮ?"

ಹಸಿರು ದೀಪ ಬಂತು. ಅಮ್ಮ ಮುಂದಕ್ಕೆ ಬಾಗಿ, "ಮುಂದೆ ಎಡಕ್ ತಗೊಳ್ಳಪ್ಪ," ಅಂದಳು ಆಟೋದವನಿಗೆ. ಮನೆಯ ಮುಂದೆ ಇಳಿದು, ಚೀಲದಿಂದ ಬೀಗದ ಕೈ ತೆಗೆದು, ಮಣಿಕಟ್ಟು ತಿರುಗಿಸಿ ಬಾಗಿಲು ತೆರೆದಳು. ನಾನು ಒಳಗೆ ಬರುವವರೆಗೂ ಅದನ್ನು ಹಿಡಿದುಕೊಂಡೇ ನಿಂತಿದ್ದಳು.